ವೆಬ್ ಬ್ರೌಸರ್‌ಗಳ ಖಾಸಗಿತನ ಮತ್ತು ಸುರಕ್ಷತೆಯ ಹೋಲಿಕೆ

ವೆಬ್ ಬ್ರೌಸರ್‌ಗಳ ಖಾಸಗಿತನ ಮತ್ತು ಸುರಕ್ಷತೆಯ ಹೋಲಿಕೆ ಎಂದರೆ ಕ್ರೋಮ್, ಫೈರ್‌ಫಾಕ್ಸ್, ಸಫಾರಿ, ಎಡ್ಜ್, ಬ್ರೇವ್, ಟಾರ್ ಮೊದಲಾದ ಬ್ರೌಸರ್‌ಗಳು ತಮ್ಮ ಬಳಕೆದಾರರನ್ನು ಎಷ್ಟರ ಮಟ್ಟಿಗೆ ಕಾಪಾಡುತ್ತವೆ ಎಂಬುದರ ತುಲನೆ. ಸುರಕ್ಷತೆ ಮತ್ತು ಖಾಸಗಿತನಗಳನ್ನು ಒಟ್ಟಿಗೆ ಹೇಳುವ ರೂಢಿಯಿದ್ದರೂ ಅವು ಬೇರೆ ಬೇರೆ ಗುಣಗಳು. ಹಾನಿಕಾರಕ ತಂತ್ರಾಂಶ ಕಂಪ್ಯೂಟರಿನೊಳಗೆ ನುಸುಳದಂತೆ, ಪಾಸ್‌ವರ್ಡ್ ಕಳವಾಗದಂತೆ ತಡೆಯುವುದು ಸುರಕ್ಷತೆ. ಬಳಕೆದಾರರು ಏನನ್ನು ಓದಿದರು, ಏನನ್ನು ಹುಡುಕಿದರು ಎಂಬುದನ್ನು ಜಾಹೀರಾತು ಸಂಸ್ಥೆಗಳಾಗಲಿ, ಜಾಲತಾಣಗಳಾಗಲಿ, ಸ್ವತಃ ಬ್ರೌಸರ್ ತಯಾರಕರಾಗಲಿ ಕಲೆಹಾಕದಂತೆ ತಡೆಯುವುದು ಖಾಸಗಿತನ. ಒಂದರಲ್ಲಿ ಮುಂದಿರುವ ಬ್ರೌಸರ್ ಇನ್ನೊಂದರಲ್ಲಿ ಹಿಂದುಳಿದಿರಬಹುದು.

ಹಿನ್ನೆಲೆ

ಈ ಎರಡೂ ವಿಷಯಗಳ ಬೇರು ನೆಟ್‌ಸ್ಕೇಪ್ ಸಂಸ್ಥೆಯಲ್ಲಿದೆ. 1994ರಲ್ಲಿ ಅಲ್ಲಿನ ಲೂ ಮೊಂಟುಲಿ ಅವರು ಕುಕಿಯನ್ನು ರೂಪಿಸಿದರು. ಭೇಟಿ ನೀಡಿದವರನ್ನು ಮತ್ತೆ ಗುರುತಿಸಲು ಜಾಲತಾಣವು ಬ್ರೌಸರಿನಲ್ಲಿ ಇರಿಸುವ ಚಿಕ್ಕ ಪಠ್ಯಭಾಗವೇ ಕುಕಿ. ಒಂದೇ ಜಾಹೀರಾತು ಸಂಸ್ಥೆಯ ಜಾಹೀರಾತುಗಳು ಹಲವು ತಾಣಗಳಲ್ಲಿ ಕಾಣಿಸಿಕೊಳ್ಳತೊಡಗಿದಾಗ, ಆ ಸಂಸ್ಥೆಯ ಕುಕಿಯ ಮೂಲಕ ಒಬ್ಬ ವ್ಯಕ್ತಿ ತಾಣದಿಂದ ತಾಣಕ್ಕೆ ಸಾಗಿದ ಜಾಡನ್ನು ಹಿಡಿಯುವುದು ಸಾಧ್ಯವಾಯಿತು. ಇಂಥವನ್ನು ತೃತೀಯ ಪಕ್ಷದ ಕುಕಿಗಳೆನ್ನುತ್ತಾರೆ. ಮಾಹಿತಿಯನ್ನು ಗೂಢಲಿಪಿಯಲ್ಲಿ ಕಳುಹಿಸುವ ಎಸ್‌ಎಸ್‌ಎಲ್ ವಿಧಾನವನ್ನು 1995ರಲ್ಲಿ ಬಳಕೆಗೆ ತಂದುದೂ ನೆಟ್‌ಸ್ಕೇಪೇ. ಇಂದಿನ ಎಚ್‌ಟಿಟಿಪಿಎಸ್ ವ್ಯವಸ್ಥೆ ಅದರಿಂದ ಬೆಳೆದುಬಂದಿದೆ.

ಸುರಕ್ಷತೆ

2008ರಲ್ಲಿ ಬಿಡುಗಡೆಯಾದ ಗೂಗಲ್ ಕ್ರೋಮ್, ಪುಟಗಳನ್ನು ಪ್ರತ್ಯೇಕ ಪ್ರಕ್ರಿಯೆಗಳಾಗಿ ನಡೆಸಿ, ಅವುಗಳನ್ನು ಕಂಪ್ಯೂಟರಿನ ಉಳಿದ ಭಾಗದಿಂದ ಬೇರ್ಪಡಿಸುವ ಸ್ಯಾಂಡ್‌ಬಾಕ್ಸ್ ಪದ್ಧತಿಯನ್ನು ಅಳವಡಿಸಿಕೊಂಡಿತು. 2018ರ ಜನವರಿಯಲ್ಲಿ ಪ್ರೊಸೆಸರ್‌ಗಳ ಸ್ಪೆಕ್ಟರ್ ದೋಷ ಬಹಿರಂಗವಾದ ಬಳಿಕ, ಒಂದು ತಾಣದ ದತ್ತಾಂಶವು ಇನ್ನೊಂದು ತಾಣಕ್ಕೆ ಸಿಗದಂತೆ ಅವುಗಳನ್ನು ಬೇರೆ ಬೇರೆ ಪ್ರಕ್ರಿಯೆಗಳಲ್ಲಿ ಇರಿಸುವ ವ್ಯವಸ್ಥೆಯನ್ನು ಕ್ರೋಮ್ ಅದೇ ವರ್ಷ ಡೆಸ್ಕ್‌ಟಾಪ್ ಆವೃತ್ತಿಯಲ್ಲಿ ಜಾರಿಗೊಳಿಸಿತು. ಫೈರ್‌ಫಾಕ್ಸ್‌ನಲ್ಲಿ ಇಂತಹ ವ್ಯವಸ್ಥೆ 2021ರ ಕೊನೆಯ ವೇಳೆಗೆ ಬಂದಿತು.

ಎಡ್ಜ್, ಬ್ರೇವ್, ಒಪೆರಾಗಳು ಕ್ರೋಮ್‌ನಂತೆಯೇ ಕ್ರೋಮಿಯಂ ಎಂಬ ಮುಕ್ತ ಆಕರ ಯೋಜನೆಯನ್ನು ಆಧರಿಸಿವೆ. ಆದಕಾರಣ ಅದರ ದೋಷಗಳೂ ಪರಿಹಾರಗಳೂ ಇವೆಲ್ಲಕ್ಕೂ ಸಮಾನ. ಟಾರ್ ಬ್ರೌಸರ್ ಫೈರ್‌ಫಾಕ್ಸ್ ಅನ್ನು ಆಧರಿಸಿದೆ. 2016ರ ನವೆಂಬರಿನಲ್ಲಿ ಫೈರ್‌ಫಾಕ್ಸ್‌ನ ಒಂದು ದೋಷವನ್ನು ಬಳಸಿ ಟಾರ್ ಬಳಕೆದಾರರ ಮೇಲೆ ದಾಳಿ ನಡೆದಾಗ ಎರಡಕ್ಕೂ ತುರ್ತು ಪರಿಷ್ಕರಣೆ ಅಗತ್ಯವಾಯಿತು. ಖಾಸಗಿತನಕ್ಕೆಂದೇ ರೂಪಿಸಿದ ಬ್ರೌಸರ್ ಕೂಡ ತನ್ನ ತಳಹದಿಯ ಸುರಕ್ಷತೆಯನ್ನು ಅವಲಂಬಿಸಿರುತ್ತದೆ ಎಂಬುದಕ್ಕೆ ಇದು ನಿದರ್ಶನ. ಪರಿಷ್ಕರಣೆ ನಿಂತುಹೋದ ಬ್ರೌಸರ್ ಸುರಕ್ಷಿತವಲ್ಲ. ಇಂಟರ್‌ನೆಟ್ ಎಕ್ಸ್‌ಪ್ಲೋರರ್ 11ಕ್ಕೆ ವಿಂಡೋಸ್ 10ರ ಸಾಮಾನ್ಯ ಆವೃತ್ತಿಗಳಲ್ಲಿ ದೊರೆಯುತ್ತಿದ್ದ ಬೆಂಬಲವನ್ನು ಮೈಕ್ರೋಸಾಫ್ಟ್ 2022ರ ಜೂನ್ 15ರಂದು ಕೊನೆಗೊಳಿಸಿತು.

ಖಾಸಗಿತನ

ಆ್ಯಪಲ್ ಸಂಸ್ಥೆಯ ಸಫಾರಿ 2017ರಲ್ಲಿ ಜಾಡು ಹಿಡಿಯುವ ಕುಕಿಗಳನ್ನು ನಿರ್ಬಂಧಿಸತೊಡಗಿ, 2020ರ ಮಾರ್ಚಿನಲ್ಲಿ ತೃತೀಯ ಪಕ್ಷದ ಕುಕಿಗಳೆಲ್ಲವನ್ನೂ ತಡೆಯಿತು. ಫೈರ್‌ಫಾಕ್ಸ್ 2019ರ ಸೆಪ್ಟೆಂಬರಿನಿಂದ ಜಾಡು ತಡೆಯನ್ನು ಎಲ್ಲರಿಗೂ ತಾನಾಗಿಯೇ ಅನ್ವಯಿಸಿತು. 2022ರಲ್ಲಿ ಪ್ರತಿ ತಾಣದ ಕುಕಿಗಳನ್ನು ಪ್ರತ್ಯೇಕವಾಗಿರಿಸುವ ಕ್ರಮ ಸೇರಿತು. ಕ್ರೋಮ್‌ನಲ್ಲಿ ಈ ಕುಕಿಗಳನ್ನು ಎರಡು ವರ್ಷಗಳೊಳಗೆ ಕೈಬಿಡುವುದಾಗಿ ಗೂಗಲ್ 2020ರ ಜನವರಿಯಲ್ಲಿ ಪ್ರಕಟಿಸಿತ್ತು. ಗಡುವು ಹಲವು ಬಾರಿ ಮುಂದೆ ಹೋಗಿ, 2024ರ ಜುಲೈನಲ್ಲಿ ಆ ಯೋಜನೆಯನ್ನೇ ಕೈಬಿಡಲಾಯಿತು. ಗೂಗಲ್‌ನ ಆದಾಯದ ಬಹುಭಾಗ ಜಾಹೀರಾತಿನಿಂದ ಬರುವುದನ್ನು ವಿಮರ್ಶಕರು ಈ ಸಂದರ್ಭದಲ್ಲಿ ಎತ್ತಿ ತೋರಿಸುತ್ತಾರೆ.

ಕುಕಿಗಳಿಲ್ಲದೆಯೂ ಗುರುತು ಹಿಡಿಯಬಹುದು. ಪರದೆಯ ಅಳತೆ, ಅಕ್ಷರಶೈಲಿಗಳು, ಸಮಯವಲಯ ಮೊದಲಾದವು ಸೇರಿ ಬ್ರೌಸರಿಗೆ ಬೆರಳಚ್ಚಿನಂಥ ಗುರುತನ್ನು ಕೊಡುತ್ತವೆ. ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷೆಗೆ ಒಳಗಾದ 4,70,161 ಬ್ರೌಸರ್‌ಗಳ ಪೈಕಿ ಶೇ. 83.6ರಷ್ಟು ಉಳಿದವುಗಳಿಂದ ಪ್ರತ್ಯೇಕವಾಗಿ ಗುರುತಿಸಬಹುದಾಗಿದ್ದವು. ಇದನ್ನು ಎದುರಿಸಲು ಟಾರ್ ತನ್ನ ಬಳಕೆದಾರರೆಲ್ಲರೂ ಒಂದೇ ಬಗೆಯಾಗಿ ಕಾಣುವಂತೆ ಮಾಡುತ್ತದೆ. ಬ್ರೇವ್ ಕೆಲವು ಗುರುತುಗಳನ್ನು ಆಗಾಗ ಬದಲಿಸುತ್ತದೆ. ಟಾರ್ ಸಂಪರ್ಕವನ್ನು ಸಾಮಾನ್ಯವಾಗಿ ಮೂರು ಮಧ್ಯವರ್ತಿ ಕಂಪ್ಯೂಟರ್‌ಗಳ ಮೂಲಕ ಸಾಗಿಸುವುದರಿಂದ ವೇಗ ಕುಂದುತ್ತದೆ.

ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಡಗ್ಲಾಸ್ ಲೀತ್ ಅವರು 2020ರಲ್ಲಿ ಆರು ಬ್ರೌಸರ್‌ಗಳು ತಮ್ಮ ತಯಾರಕರಿಗೆ ಏನನ್ನು ವರದಿ ಮಾಡುತ್ತವೆಂದು ಪರಿಶೀಲಿಸಿದರು. ಅವರ ಪ್ರಕಾರ ಮೂಲ ಸೆಟ್ಟಿಂಗ್‌ನಲ್ಲಿ ಬ್ರೇವ್ ಅತ್ಯಂತ ಖಾಸಗಿ. ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮಧ್ಯದ ಗುಂಪಿನವು. ಎಡ್ಜ್ ಮತ್ತು ಯಾಂಡೆಕ್ಸ್ ಕೊನೆಯವು. ಅದೇ ವರ್ಷ, ಕೆಲವು ಕ್ರಿಪ್ಟೋಕರೆನ್ಸಿ ತಾಣಗಳ ವಿಳಾಸ ಬರೆಯುವಾಗ ಬ್ರೇವ್ ತನಗೆ ಕಮಿಷನ್ ತರುವ ಕೊಂಡಿಯನ್ನು ಸೂಚಿಸುತ್ತಿದ್ದುದು ಬೆಳಕಿಗೆ ಬಂದು, ಅದರ ಮುಖ್ಯಸ್ಥರು ಕ್ಷಮೆ ಕೇಳಿದರು.

ಖಾಸಗಿ ಕಿಟಕಿ

ಖಾಸಗಿ ಕಿಟಕಿಯ ಸೌಲಭ್ಯ 2005ರಲ್ಲಿ ಸಫಾರಿಯಲ್ಲಿ, 2008ರಲ್ಲಿ ಕ್ರೋಮ್‌ನಲ್ಲಿ, 2009ರಲ್ಲಿ ಫೈರ್‌ಫಾಕ್ಸ್‌ನಲ್ಲಿ ಬಂದಿತು. ಇದರ ಬಗ್ಗೆ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಕಿಟಕಿ ಮುಚ್ಚಿದಾಗ ಭೇಟಿಯ ಇತಿಹಾಸ ಮತ್ತು ಕುಕಿಗಳು ಆ ಸಾಧನದಿಂದ ಅಳಿಯುತ್ತವೆ, ಅಷ್ಟೇ. ಅಂತರಜಾಲ ಸಂಪರ್ಕ ಒದಗಿಸುವ ಸಂಸ್ಥೆ, ಕಚೇರಿಯ ಜಾಲದ ನಿರ್ವಾಹಕರು ಹಾಗೂ ಭೇಟಿಯಿತ್ತ ತಾಣಗಳಿಂದ ಬಳಕೆದಾರರು ಮರೆಯಾಗುವುದಿಲ್ಲ. ಹಲವರು ಬಳಸುವ ಕಂಪ್ಯೂಟರಿನಲ್ಲಿ ಇದು ಉಪಯುಕ್ತ. ರೋಗ, ಸಾಲ, ಕೌಟುಂಬಿಕ ದೌರ್ಜನ್ಯಗಳಂಥ ವಿಷಯಗಳನ್ನು ಗುಟ್ಟಾಗಿ ಹುಡುಕಲು ಇದನ್ನೇ ಪೂರ್ತಿ ನಂಬುವುದು ಅಪಾಯಕರ. ಈ ಕಿಟಕಿಯಲ್ಲೂ ಮಾಹಿತಿ ಸಂಗ್ರಹಿಸಲಾಗಿದೆಯೆಂದು ಗೂಗಲ್ ವಿರುದ್ಧ 2020ರಲ್ಲಿ ಅಮೆರಿಕದಲ್ಲಿ ದಾವೆ ಹೂಡಲಾಯಿತು. 2024ರಲ್ಲಿ ಬಹಿರಂಗವಾದ ರಾಜಿಯಂತೆ ಕೋಟ್ಯಂತರ ದಾಖಲೆಗಳನ್ನು ನಾಶಪಡಿಸಲು ಸಂಸ್ಥೆ ಒಪ್ಪಿತು.

ಭಾರತದಲ್ಲಿ

ಭಾರತದಲ್ಲಿ ಮೊಬೈಲ್ ಬಳಕೆದಾರರ ನಡುವೆ ಜನಪ್ರಿಯವಾಗಿದ್ದ ಯುಸಿ ಬ್ರೌಸರ್ ಹುಡುಕಾಟದ ಪದಗಳನ್ನು ಗೂಢಲಿಪಿಯಿಲ್ಲದೆ ಕಳುಹಿಸುತ್ತಿದೆಯೆಂದು ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ 2015ರಲ್ಲಿ ವರದಿ ಮಾಡಿತು. 2020ರ ಜೂನ್ 29ರಂದು ಕೇಂದ್ರ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಇದೂ ಒಂದು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕು ಎಂದು ಸಾರಿತು. 2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿತು.

ಹೋಲಿಕೆಯ ಮಿತಿಗಳು

ಯಾವ ಬ್ರೌಸರ್ ಉತ್ತಮ ಎಂಬುದಕ್ಕೆ ಸಾರ್ವಕಾಲಿಕ ಉತ್ತರವಿಲ್ಲ. ಆವೃತ್ತಿ, ಸೆಟ್ಟಿಂಗ್ ಮತ್ತು ಸೇರಿಸಿಕೊಂಡ ವಿಸ್ತರಣೆಗಳಿಗೆ ತಕ್ಕಂತೆ ಫಲಿತಾಂಶ ಬದಲಾಗುತ್ತದೆ. ಯಾರಿಂದ ರಕ್ಷಣೆ ಬೇಕು ಎಂಬುದೂ ಮುಖ್ಯ: ಜಾಹೀರಾತುದಾರರ ಕಣ್ಣು ತಪ್ಪಿಸಲು ಕುಕಿ ತಡೆ ಬಹುಮಟ್ಟಿಗೆ ನೆರವಾಗಬಹುದು, ಪ್ರಭುತ್ವದ ಕಣ್ಗಾವಲಿಗೆ ಅಂಜುವ ಪತ್ರಕರ್ತರಿಗೆ ಅದು ಸಾಲದು. ಜಾಲತಾಣಕ್ಕೆ ಬಳಕೆದಾರರೇ ಬರೆದುಕೊಟ್ಟ ಹೆಸರು, ದೂರವಾಣಿ ಸಂಖ್ಯೆಗಳನ್ನು ಯಾವ ಬ್ರೌಸರೂ ಮರಳಿ ಪಡೆದುಕೊಡಲಾರದು.