ಕೀಲೆಣ್ಣೆಯಿಂದ ಎಂಜಿನ್ ಎಣ್ಣೆಯವರೆಗೆ

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರಂತೆ ಎಂಬ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ. ಮನೆಬಾಗಿಲಿಗೆ ಬಂದ ಅನುಕೂಲವನ್ನು ಕಳೆದುಕೊಂಡವರಿಗೆ ಹೇಳುವ ಮಾತು ಅದು. ತರಗತಿಯಲ್ಲಿ ಮಕ್ಕಳಿಗೆ ಎಷ್ಟೋ ಸಲ ಇದರ ಅರ್ಥ ಬಿಡಿಸಿ ಹೇಳಿದ್ದೇನೆ. ಆದರೆ ಅದು ನನ್ನ ಪಾಲಿಗೆ ಅಕ್ಷರಶಃ ನಿಜವಾದೀತೆಂದು ಮಾತ್ರ ಎಣಿಸಿರಲಿಲ್ಲ.

2014ರ ಆಷಾಢ. ನನ್ನ ಮನೆ ಶಿಕಾರಿಪುರದಲ್ಲಿ, ಶಾಲೆ ಬಳ್ಳಿಗಾವಿಯ ಹತ್ತಿರದ ಹಳ್ಳಿಯಲ್ಲಿ, ತವರು ಸೊರಬದಲ್ಲಿ. ಅಮ್ಮನಿಗೆ ಉಸಿರಾಟದ ತೊಂದರೆ ಹೆಚ್ಚಾಗಿದೆಯೆಂದು ಪಕ್ಕದ ಮನೆಯವರು ಶಾಲೆಗೆ ಫೋನ್ ಮಾಡಿದರು. ಮುಖ್ಯೋಪಾಧ್ಯಾಯರಿಗೆ ಹೇಳಿ ಸ್ಕೂಟರ್ ಹತ್ತಿದೆ. ಶಿರಾಳಕೊಪ್ಪ ದಾಟಿ ಸೊರಬದ ರಸ್ತೆಯಲ್ಲಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಎಂಜಿನ್ ಕರಕರ ಎಂದಿತು. ಒಮ್ಮೆ ಬಿಗಿದಂತಾಗಿ ನಿಂತೇಬಿಟ್ಟಿತು. ಎಷ್ಟು ಒದ್ದರೂ ಕಿಕ್ಕರ್ ಕೆಳಗಿಳಿಯಲಿಲ್ಲ. ಧೋ ಎಂದು ಸುರಿಯುವ ಮಳೆಯಲ್ಲಿ ಒಂದು ಗಂಟೆ ಕಾದು ಬಸ್ಸು ಹಿಡಿದು ಊರು ಸೇರಿದಾಗ, ಅಮ್ಮನನ್ನು ಅದೇ ನೆರೆಮನೆಯವರು ಆಟೋದಲ್ಲಿ ಆಸ್ಪತ್ರೆಗೆ ಸೇರಿಸಿದ್ದರು. ದೇವರು ದೊಡ್ಡವನು, ಅಮ್ಮ ಉಳಿದರು. ಎರಡನೆಯ ದಿನ ಮಾತಾಡುವಷ್ಟು ಚೇತರಿಸಿಕೊಂಡ ಮೇಲೆ, ನಾನು ತಡವಾಗಿ ಬಂದ ಕಾರಣ ಕೇಳಿ ಅವರೆಂದದ್ದು ಒಂದೇ ಮಾತು: “ಕೀಲೆಣ್ಣೆ ಹಾಕದೆ ಗಾಡಿ ಕಟ್ಟಿದೆಯೇನೇ?”

ಮೆಕ್ಯಾನಿಕ್ ಎಂಜಿನ್ ಬಿಚ್ಚಿ ತೋರಿಸಿದ. ತಳದಲ್ಲಿ ಕಾಡಿಗೆಯಂಥ ಒಂದಿಷ್ಟು ಮಡ್ಡಿ ಬಿಟ್ಟರೆ ಎಣ್ಣೆಯೇ ಇರಲಿಲ್ಲ. ಯಾವಾಗ ಬದಲಿಸಿದ್ದು ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಅದನ್ನು ನೋಡಿಕೊಳ್ಳುವುದು ಗಂಡಸರ ಕೆಲಸವೆಂದು ನಾನು, ಓಡಿಸುವವಳು ನೋಡಿಕೊಳ್ಳುತ್ತಾಳೆಂದು ನಮ್ಮ ಯಜಮಾನರು, ಹೀಗೆ ಇಬ್ಬರೂ ಕಣ್ಣು ಮುಚ್ಚಿಕೊಂಡಿದ್ದೆವು. ಸ್ಕೂಟರಿನ ಜೊತೆ ಕೊಟ್ಟ ಪುಸ್ತಕ ಪ್ಲಾಸ್ಟಿಕ್ ಚೀಲದಿಂದ ಹೊರಗೇ ಬಂದಿರಲಿಲ್ಲ. ಮಕ್ಕಳಿಗೆ ಪಠ್ಯಪುಸ್ತಕ ಓದಿರೆಂದು ಗದರುವ ಮೇಷ್ಟ್ರಮ್ಮನ ಕಥೆಯಿದು!

ಅಮ್ಮನ ಆ ಮಾತು ನನ್ನನ್ನು ಬಿಡಲಿಲ್ಲ. ಚಿಕ್ಕಂದಿನಲ್ಲಿ ಸೊರಬದ ನಮ್ಮ ಅಜ್ಜಿಯ ಮನೆಯಲ್ಲಿ ಎತ್ತಿನ ಗಾಡಿ ಇತ್ತು. ಗಾಡಿ ಅಜ್ಜನದಾದರೂ ಅದರ ಎಣ್ಣೆ ಅಜ್ಜಿಯದು. ಹಿತ್ತಲಿನ ಹರಳು ಗಿಡದ ಕಾಯಿ ಒಣಗಿಸಿ, ಬೀಜ ಬಿಡಿಸಿ ಹುರಿದು, ಒರಳಲ್ಲಿ ಕುಟ್ಟಿ, ದೊಡ್ಡ ಪಾತ್ರೆಯ ನೀರಿಗೆ ಹಾಕಿ ಕುದಿಸುತ್ತಿದ್ದರು. ಮೇಲೆ ತೇಲಿದ ಎಣ್ಣೆಯನ್ನು ಸೌಟಿನಿಂದ ತೆಗೆದು ಮತ್ತೆ ಕಾಯಿಸಿ ನೀರಿನಂಶ ಆರಿಸಬೇಕು. ತಿಳಿಯಾದದ್ದು ಮಕ್ಕಳ ನೆತ್ತಿಗೆ, ಬಾಣಂತಿಗೆ, ದೀಪಕ್ಕೆ. ತಳದ ಗಷ್ಟು ಗಾಡಿಗೆ. ಹುಲ್ಲು ಸುಟ್ಟ ಕರಕನ್ನು ಅದಕ್ಕೆ ಬೆರೆಸಿ ಕಲಸಿದರೆ ಕೀಲೆಣ್ಣೆ. ಅದನ್ನು ತುಂಬಿದ ಬಿದಿರ ಗೊಟ್ಟ ಗಾಡಿಯ ಕೆಳಗೆ ತೂಗಾಡುತ್ತಿತ್ತು. ಅದನ್ನು ಮುಟ್ಟಿ ಲಂಗ ಕರಿ ಮಾಡಿಕೊಂಡು ಬೈಸಿಕೊಳ್ಳದ ಮಕ್ಕಳೇ ನಮ್ಮ ಕಾಲದಲ್ಲಿರಲಿಲ್ಲ.

ಗೊಟ್ಟಕ್ಕೆ ಎಷ್ಟು ತುಂಬಬೇಕೆಂದು ಅಜ್ಜಿ ಹೇಳುತ್ತಿದ್ದುದು ಹೋಗುವ ಹಾದಿ ಮತ್ತು ಹೇರುವ ಭಾರ ನೋಡಿ. ಸಂತೆಗೆ ಬರಿಗಾಡಿ ಹೋಗಿ ಬರುವುದಾದರೆ ಅರ್ಧ ಗೊಟ್ಟ, ಭತ್ತದ ಚೀಲ ಹೇರಿದರೆ ತುಂಬ. ಚಂದ್ರಗುತ್ತಿಯ ಜಾತ್ರೆಗೆ ಮನೆಮಂದಿಯೆಲ್ಲ ಹೊರಟರೆ, ಹಿಂದಿನ ದಿನವೇ ಗಾಲಿ ಕಳಚಿ ಹಳೆಯ ಜಿಡ್ಡು ಒರೆಸಿ, ಅಚ್ಚಿಗೆ ಹೊಸದಾಗಿ ಸವರಬೇಕು. ಹಳೆಯದರ ಮೇಲೇ ಹೊಸದನ್ನು ಬಳಿದರೆ ಧೂಳೂ ಮರಳೂ ಸೇರಿ ಅಚ್ಚನ್ನು ಅರೆದುಬಿಡುತ್ತದೆ ಎನ್ನುತ್ತಿದ್ದರು. ಎಂಜಿನ್ ಎಣ್ಣೆಯ ಬಗ್ಗೆ ಇಂದು ತಿಳಿದವರು ಹೇಳುವುದೂ ಹೆಚ್ಚುಕಡಿಮೆ ಇದೇ.

ಎಣ್ಣೆಗೂ ನಮ್ಮ ಸೀಮೆಗೂ ಬಹಳ ಹಳೆಯ ನಂಟು. ಎಳ್ಳಿನ ನೆಯ್ ಎಂಬುದೇ ಎಣ್ಣೆಯಾಯಿತೆಂದು ಭಾಷೆ ಬಲ್ಲವರು ಹೇಳುತ್ತಾರೆ. ಬಿ.ಎಲ್. ರೈಸ್ ಸಂಗ್ರಹಿಸಿದ ಶಾಸನ ಸಂಪುಟಗಳಲ್ಲಿ ಶಿಕಾರಿಪುರ ತಾಲ್ಲೂಕಿನವು ಏಳನೆಯದರಲ್ಲಿ (1902), ಸೊರಬದವು ಎಂಟನೆಯದರಲ್ಲಿ (1904) ಅಚ್ಚಾಗಿವೆ. ಈ ಶಾಸನಗಳಲ್ಲಿ ದೇವರ ನಂದಾದೀವಿಗೆಗೆ ಎಣ್ಣೆಯ ದತ್ತಿ ಬಿಟ್ಟ ಮಾತು ಬರುತ್ತದೆ. ಗಾಣ ನಡೆಸುವವರನ್ನು ಅಂದು ತೆಲ್ಲಿಗರೆಂದು ಕರೆಯುತ್ತಿದ್ದರು. ಬಳ್ಳಿಗಾವಿಯ ಕೋಡಿಯ ಮಠದಲ್ಲಿ ಓದು, ಅನ್ನ, ಔಷಧಿ ಎಲ್ಲವೂ ದೊರೆಯುತ್ತಿದ್ದವೆಂದು 1162ರ ಶಾಸನ ಹೇಳುತ್ತದೆ. ಅಷ್ಟು ದೊಡ್ಡ ಪಟ್ಟಣಕ್ಕೆ ಧಾನ್ಯ ಬಂದದ್ದು ಗಾಡಿ ಮತ್ತು ಹೇರೆತ್ತುಗಳ ಮೇಲೆಯೇ ಅಲ್ಲವೆ? ದೀಪದ ಎಣ್ಣೆ ಕಲ್ಲಿನ ಮೇಲೆ ಉಳಿಯಿತು. ಅಚ್ಚಿಗೆ ಸವರಿದ ಎಣ್ಣೆಯ ಲೆಕ್ಕವನ್ನು ಯಾರೂ ಕೆತ್ತಿಸಲಿಲ್ಲ. ಮುಂದೆ 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಗಾಣಗಳನ್ನೂ ಹರಳಿನ ಬೆಳೆಯನ್ನೂ ಗಮನಿಸಿ ಬರೆದಿಟ್ಟ.

ಇದೇ ಹರಳೆಣ್ಣೆ ಎಂಜಿನ್ನಿನೊಳಕ್ಕೂ ಹೋಯಿತೆಂದು ತಿಳಿದಾಗ ನನಗೆ ಆಶ್ಚರ್ಯವಾಯಿತು. 1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಡ್ರೇಕ್ ಎಂಬಾತ ಕೊರೆಸಿದ ಬಾವಿಯಿಂದ ಕಲ್ಲೆಣ್ಣೆಯ ಯುಗ ಆರಂಭವಾಯಿತು ಎನ್ನುತ್ತಾರೆ. ಆದರೂ ಮೊದಮೊದಲ ವೇಗದ ಎಂಜಿನ್ನುಗಳಿಗೆ ಕಲ್ಲೆಣ್ಣೆಯೊಂದೇ ಸಾಲದಾಯಿತು. ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪನಿ ಹರಳೆಣ್ಣೆ ಬೆರೆಸಿದ ಹೊಸ ಎಣ್ಣೆಯೊಂದನ್ನು 1909ರಲ್ಲಿ ಹೊರತಂದಿತು. ಹರಳಿನ ಇಂಗ್ಲಿಷ್ ಹೆಸರಾದ ಕ್ಯಾಸ್ಟರ್ ಎಂಬುದರಿಂದಲೇ ಅದಕ್ಕೆ ಕ್ಯಾಸ್ಟ್ರಾಲ್ ಎಂದು ಹೆಸರಿಟ್ಟರು. ನಮ್ಮ ಪೇಟೆಯ ಅಂಗಡಿಗಳ ಬೋರ್ಡಿನ ಮೇಲೆ ಆ ಹೆಸರನ್ನು ನೀವೂ ನೋಡಿದ್ದೀರಿ. ಅದರೊಳಗೆ ನಮ್ಮ ಹಿತ್ತಲಿನ ಗಿಡ ಅಡಗಿದೆ.

ಮೊದಲ ಮಹಾಯುದ್ಧದ ವಿಮಾನಗಳಲ್ಲಿ ಎಂಜಿನ್ನೇ ಗಿರಗಿರ ತಿರುಗುವ ಒಂದು ಬಗೆಯಿತ್ತು. ಅದಕ್ಕೆ ಹರಳೆಣ್ಣೆಯೇ ಬೇಕು. ಯಾಕೆಂದರೆ ಹರಳೆಣ್ಣೆ ಪೆಟ್ರೋಲಿನೊಡನೆ ಸುಲಭವಾಗಿ ಬೆರೆತು ತೆಳುವಾಗುವುದಿಲ್ಲ. ಆ ಎಂಜಿನ್ ಎಣ್ಣೆಯನ್ನು ಹೊಗೆಯ ಜೊತೆ ಹೊರಗೆ ಎರಚುತ್ತಲೇ ಇರುತ್ತಿತ್ತು. ಆ ಎಣ್ಣೆಯ ಹಬೆ ಕುಡಿದ ವಿಮಾನ ಚಾಲಕರಿಗೆ ಹೊಟ್ಟೆ ಕೆಡುತ್ತಿತ್ತಂತೆ. ಹರಳೆಣ್ಣೆ ಕುಡಿಸಿಕೊಂಡು ಬೆಳೆದ ನಮಗೆ ಅದನ್ನು ಯಾರೂ ವಿವರಿಸಬೇಕಾಗಿಲ್ಲ!

ಈಗ ನನ್ನ ತಪ್ಪಿನ ಮೂಲಕ್ಕೆ ಬರುತ್ತೇನೆ. ಅಜ್ಜನ ಗಾಡಿಯ ಎಣ್ಣೆ ದಾರಿಯುದ್ದಕ್ಕೂ ಸೋರಿ ಮುಗಿಯುತ್ತಿತ್ತು. ಆ ವಿಮಾನದ ಎಣ್ಣೆಯೂ ಹಾರಿಹೋಗುತ್ತಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ, 1995ರಲ್ಲಿ, ನಾನು ಕೊಂಡ ಲೂನಾಕ್ಕೆ ಪೆಟ್ರೋಲಿನ ಜೊತೆಯಲ್ಲೇ ಎಣ್ಣೆ ಹಾಕಿಸುತ್ತಿದ್ದೆ. ಅದು ಪೆಟ್ರೋಲಿನೊಡನೆ ಉರಿದು ಹೋಗುತ್ತಿತ್ತು. ಈ ಎಲ್ಲದರಲ್ಲೂ ಎಣ್ಣೆ ಖರ್ಚಾಗುತ್ತದೆ, ನಾವು ಮತ್ತೆ ಹಾಕುತ್ತೇವೆ. ಬದಲಿಸುವ ಪ್ರಶ್ನೆಯೇ ಇಲ್ಲ. ಆಮೇಲೆ ಬಂದ ನಾಲ್ಕು ಸ್ಟ್ರೋಕಿನ ಸ್ಕೂಟರಿನಲ್ಲಿ ಹಾಗಲ್ಲ. ಅದರ ಎಣ್ಣೆ ಒಳಗೇ ಉಳಿದು, ಸುತ್ತಿ ಸುತ್ತಿ ದುಡಿದು, ಅಲ್ಲಿಯೇ ಹಳತಾಗುತ್ತದೆ. ಜೊತೆಗೆ ಎಂಜಿನ್ ಸವೆದಂತೆ ಸ್ವಲ್ಪಸ್ವಲ್ಪವಾಗಿ ಉರಿದು ಕಡಿಮೆಯೂ ಆಗುತ್ತದೆ. ಲೂನಾದ ಅಭ್ಯಾಸದವಳಾದ ನನಗೆ, ಪೆಟ್ರೋಲ್ ಹಾಕಿಸಿದರೆ ಆಯಿತೆಂಬ ಭಾವನೆ ಉಳಿದುಬಿಟ್ಟಿತ್ತು. ಹರಳೆಣ್ಣೆಯನ್ನು ಹೀಗೆ ಒಳಗೆ ಬಹುಕಾಲ ಉಳಿಸುವಂತಿಲ್ಲ, ಕಾವಿಗೆ ಅದು ಅಂಟಾಗುತ್ತದೆ. ಆದ್ದರಿಂದಲೇ ಆ ಕೆಲಸಕ್ಕೆ ಕಲ್ಲೆಣ್ಣೆಯೂ, ಅದಕ್ಕೆ ಬೆರೆಸುವ ನಾನಾ ರಾಸಾಯನಿಕಗಳೂ ಬಂದವು.

ಅಂಗಡಿಗೆ ಹೋದರೆ ಡಬ್ಬಿಗಳ ಮೇಲಿನ ಅಂಕಿ ನೋಡಿ ತಲೆ ತಿರುಗುತ್ತದೆ. ಆದರೆ ಅದು ದೋಸೆ ಹಿಟ್ಟಿನ ಹದಕ್ಕಿಂತ ಕಷ್ಟದ ವಿದ್ಯೆಯಲ್ಲ. ಎಣ್ಣೆಯ ಮಂದ ತೆಳುವಿಗೆ ಅಂಕಿ ಕೊಡುವ ಪದ್ಧತಿಯನ್ನು ಅಮೆರಿಕದ ವಾಹನ ಎಂಜಿನಿಯರರ ಸಂಘ 1911ರಲ್ಲಿ ಆರಂಭಿಸಿತು. 10ಡಬ್ಲ್ಯು 30 ಎಂದಿದ್ದರೆ, ಡಬ್ಲ್ಯು ಎಂದರೆ ಚಳಿಗಾಲ. ಮೊದಲ ಅಂಕಿ ಕಡಿಮೆಯಿದ್ದಷ್ಟೂ ಎಣ್ಣೆ ಚಳಿಯಲ್ಲಿ ಬೇಗ ಹರಿಯುತ್ತದೆ. ಎರಡನೆಯದು ಎಂಜಿನ್ ಚೆನ್ನಾಗಿ ಕಾದಾಗಿನ ಮಂದ. ಮಂದ ಹೆಚ್ಚಿದ್ದರೆ ಒಳ್ಳೆಯದೆಂದು ತಿಳಿಯಬಾರದು. ಮಂದದ ಎಣ್ಣೆ ಬೆಳಗಿನ ಹೊತ್ತು ಸಣ್ಣ ಸಂದುಗಳಿಗೆ ಬೇಗ ಏರುವುದಿಲ್ಲ.

ಇನ್ನೊಂದು ಗುರುತೂ ಇದೆ. ಬೈಕಿನಲ್ಲಿ ಸಾಮಾನ್ಯವಾಗಿ ಕ್ಲಚ್ಚು ಎಣ್ಣೆಯಲ್ಲೇ ಮುಳುಗಿರುತ್ತದೆ, ನಮ್ಮ ಗೇರಿಲ್ಲದ ಸ್ಕೂಟರಿನಲ್ಲಿ ಹಾಗಿಲ್ಲ. ಜಪಾನಿನವರು 1998ರಲ್ಲಿ ಮಾಡಿದ ಗುಣಮಟ್ಟದಂತೆ ಬೈಕಿನದಕ್ಕೆ ಎಂಎ, ಸ್ಕೂಟರಿನದಕ್ಕೆ ಎಂಬಿ ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಮಗನ ಬೈಕಿಗೆ ತಂದು ಉಳಿದದ್ದನ್ನು ನಮ್ಮ ಸ್ಕೂಟರಿಗೆ ಸುರಿಯುವ ಮೊದಲು ಪುಸ್ತಕ ನೋಡುವುದು ಲೇಸು. ಯಾವ ಕಂಪನಿಯದೆಂಬುದಕ್ಕಿಂತ, ಪುಸ್ತಕದಲ್ಲಿ ಹೇಳಿದ ಅಂಕಿ ಮತ್ತು ಗುರುತು ಡಬ್ಬಿಯ ಮೇಲಿದೆಯೇ ಎಂಬುದು ಮುಖ್ಯ.

ಎಷ್ಟು ದಿನಕ್ಕೆ ಬದಲಿಸಬೇಕು? ಪುಸ್ತಕ ಕಿಲೋಮೀಟರ್ ಹೇಳುತ್ತದೆ, ತಿಂಗಳನ್ನೂ ಹೇಳುತ್ತದೆ. ಯಾವುದು ಮೊದಲು ಬರುತ್ತದೋ ಅದು. ನನ್ನದು ದಿನಕ್ಕೆ 40 ಕಿಲೋಮೀಟರ್ ಓಡುತ್ತದೆ. ಮೂರು ಸಾವಿರಕ್ಕೊಮ್ಮೆ ಎಂದಿಟ್ಟುಕೊಂಡರೆ 75 ಶಾಲಾ ದಿನಗಳಿಗೆ ಒಂದು ಸಲ. ವರ್ಷಕ್ಕೆ ಸುಮಾರು 220 ದಿನ ಶಾಲೆ ನಡೆದರೆ ಮೂರು ಸಲವಾಯಿತು. ನನ್ನ ಗೆಳತಿಯೊಬ್ಬಳು, ತಾನು ತರಕಾರಿ ಮಾರ್ಕೆಟ್ಟಿಗೆ ಎರಡು ಕಿಲೋಮೀಟರ್ ಹೋಗಿ ಬರುವವಳು, ತನಗೇಕೆ ಈ ಚಿಂತೆ ಎನ್ನುತ್ತಿದ್ದಳು. ವಾಸ್ತವವಾಗಿ ಅವಳಿಗೇ ಹೆಚ್ಚು ಬೇಕು. ಅಷ್ಟು ಹತ್ತಿರದ ಓಡಾಟದಲ್ಲಿ ಎಂಜಿನ್ ಪೂರ್ತಿ ಕಾಯುವುದೇ ಇಲ್ಲ. ಒಳಗೆ ಹುಟ್ಟಿದ ನೀರಿನ ಪಸೆ ಆವಿಯಾಗಿ ಹೋಗದೆ ಎಣ್ಣೆಯಲ್ಲಿ ಸೇರುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಕೇಳುವುದೇ ಬೇಡ. ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆಯೆಂದೇ ಅರ್ಥ. ಕಿಲೋಮೀಟರ್ ಆಗದಿದ್ದರೂ ಪುಸ್ತಕ ಹೇಳಿದ ತಿಂಗಳಿಗೆ ಅವಳು ಬದಲಿಸಲೇಬೇಕು. ಇನ್ನು, ಕಪ್ಪಾದ ಮಾತ್ರಕ್ಕೆ ಎಣ್ಣೆ ಕೆಟ್ಟಿತೆಂದು ಗಾಬರಿಯಾಗಬೇಕಿಲ್ಲ. ಮಸಿಯನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುವುದೂ ಅದರ ಕೆಲಸವೇ. ಕಪ್ಪಾದರೂ ಅವಧಿ ಮುಗಿದಿದೆಯೇ, ಮಟ್ಟ ಸರಿಯಿದೆಯೇ ಎಂಬುದನ್ನು ನೋಡಬೇಕು.

ಮಟ್ಟ ನೋಡಲು ಯಾರ ನೆರವೂ ಬೇಡ. ಸಮತಟ್ಟಾದ ನೆಲದಲ್ಲಿ ನಡುಸ್ಟ್ಯಾಂಡ್ ಹಾಕಿ, ಎಂಜಿನ್ ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟು, ಕಡ್ಡಿಯಿರುವ ಬಿರಡೆ ತಿರುಗಿಸಿ ತೆಗೆಯಿರಿ. ಬಟ್ಟೆಯಲ್ಲಿ ಒರೆಸಿ ಮತ್ತೆ ಇಳಿಸಿ ನೋಡಿ. ಎರಡು ಗೆರೆಗಳ ನಡುವೆ ಎಣ್ಣೆ ಇದ್ದರೆ ಸರಿ. ಕೆಳಗಿನ ಗೆರೆ ಮುಟ್ಟದಿದ್ದರೆ ಅಂದೇ ಹಾಕಿಸಿ, ಮೇಲಿನ ಗೆರೆ ಮೀರಿಯೂ ತುಂಬಿಸಬೇಡಿ. ಬದಲಿಸಿ ಬಂದ ಹಳೆಯ ಎಣ್ಣೆಯನ್ನು ಚರಂಡಿಗೆ ಚೆಲ್ಲಿದರೆ ಅದು ಹರಿದು ಸೇರುವುದು ನಮ್ಮ ಕುಮುದ್ವತಿಯನ್ನೋ ದಂಡಾವತಿಯನ್ನೋ. ಅದನ್ನು ಸಂಗ್ರಹಿಸುವ ವರ್ಕ್‌ಶಾಪಿಗೇ ಕೊಡುವುದು ಒಳ್ಳೆಯದು.

ಆ ಸಲದ ರಿಪೇರಿಗೆ ಎಂಟು ಸಾವಿರ ಕೊಟ್ಟೆ. ಆದರೆ ದುಡ್ಡಿಗಿಂತ ನನ್ನನ್ನು ಕಾಡಿದ್ದು ಮಳೆಯಲ್ಲಿ ನಿಂತ ಆ ಒಂದು ಗಂಟೆ. ನೆರೆಯವರು ಅಂದು ಮನೆಯಲ್ಲಿರದಿದ್ದರೆ? ಎಣ್ಣೆಯನ್ನು ಆರಿಸಿ, ಅಳೆದು, ಯಾವಾಗ ಹಾಕಬೇಕೆಂದು ಹೇಳುತ್ತಿದ್ದವರು ನಮ್ಮ ಮನೆಯಲ್ಲಿ ಅಜ್ಜಿ. ಎಣ್ಣೆ ಅಡಿಗೆಮನೆಯಿಂದ ಡಬ್ಬಿಗೆ ಹೋದಾಗ, ಆ ತಿಳಿವಳಿಕೆಯನ್ನೂ ನಾವು ಡಬ್ಬಿಯ ಜೊತೆಯಲ್ಲೇ ಬಿಟ್ಟುಕೊಟ್ಟೆವು. ಸ್ಕೂಟರಿನ ಕೀಲಿಕೈ ಮಾತ್ರ ನಮ್ಮ ಕೈಗೆ ಬಂತು, ಅದರ ಎಣ್ಣೆ ಬರಲಿಲ್ಲ.

ಅಮ್ಮ ಎರಡು ವರ್ಷದ ನಂತರ ತೀರಿಕೊಂಡರು. ಅಲ್ಲಿಯವರೆಗೆ ನಾನು ಸೊರಬಕ್ಕೆ ಹೋದಾಗಲೆಲ್ಲ, ಕೈಕಾಲು ತೊಳೆಯುವ ಮೊದಲೇ, “ಗಾಡಿಗೆ ಎಣ್ಣೆ ನೋಡಿದೆಯಾ?” ಎಂದು ಕೇಳುತ್ತಿದ್ದರು. ಈಗ ಅಡಿಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲಿ, ಸ್ಕೂಟರಿನ ಎಣ್ಣೆ ಬದಲಿಸಿದ ದಿನವನ್ನೂ ಕಿಲೋಮೀಟರನ್ನೂ ಬರೆದಿಡುತ್ತೇನೆ. ಪ್ರತಿ ಭಾನುವಾರ ಬೆಳಿಗ್ಗೆ ಕಡ್ಡಿ ಎತ್ತಿ ನೋಡುತ್ತೇನೆ. ಕಣ್ಣು ತೆರೆದುಕೊಂಡೇ.