ಪಾಠ ಹೇಳುವವರಿಗೆ ಹತ್ತು ತಿಂಗಳ ಪಾಠ

ಪುಣೆಯಲ್ಲಿ ವಿಮಾನನಗರ, ಖರಾಡಿ ಕಡೆ ಆಫೀಸಿಗೆ ಹೋಗುವ ನಮ್ಮಲ್ಲಿ ಹಲವರಿಗೆ ಯೆರವಡಾದ ಡೆಕ್ಕನ್ ಕಾಲೇಜು ಗೊತ್ತು. ಪುರಾತತ್ವಕ್ಕೆ ಹೆಸರಾದ ಜಾಗ, ಅಷ್ಟೇ ಎಂದು ನಾನೂ ಬಹಳ ದಿನ ಅಂದುಕೊಂಡಿದ್ದೆ. ಅದೇ ಆವರಣದಲ್ಲಿ ಪಶ್ಚಿಮ ಪ್ರಾದೇಶಿಕ ಭಾಷಾ ಕೇಂದ್ರವಿದೆ, ಬೇರೆ ರಾಜ್ಯಗಳ ಶಾಲಾ ಶಿಕ್ಷಕರು ಅಲ್ಲಿಗೆ ಬಂದು ಮರಾಠಿ, ಗುಜರಾತಿ, ಸಿಂಧಿ ಕಲಿತು ಹೋಗಿದ್ದಾರೆ ಎಂಬುದು ನನಗೆ ಗೊತ್ತಾಗಿದ್ದು ತಡವಾಗಿ. ಸಂಘದ ಭಾನುವಾರದ ಕನ್ನಡ ತರಗತಿಗೆ ಪಾಠ ಹೇಳುತ್ತೇನೆಂದು ಒಪ್ಪಿಕೊಂಡು ಪೇಚಿಗೆ ಸಿಕ್ಕಿಕೊಂಡ ಮೇಲೆ! ಆ ಕೇಂದ್ರದ ಬೇರು ಇರುವುದು ನಮ್ಮ ಮೈಸೂರಿನಲ್ಲಿ.

ಶಾಲೆಯಲ್ಲಿ ಯಾವ ಯಾವ ಭಾಷೆ ಕಲಿಸಬೇಕು ಎಂಬ ಜಗಳಕ್ಕೆ ಉತ್ತರವಾಗಿ ಬಂದದ್ದು ತ್ರಿಭಾಷಾ ಸೂತ್ರ. 1964-66ರ ಕೊಠಾರಿ ಆಯೋಗ ಅದನ್ನು ತಿದ್ದಿತು. 1968ರ ರಾಷ್ಟ್ರೀಯ ಶಿಕ್ಷಣ ನೀತಿ, ಹಿಂದಿ ರಾಜ್ಯಗಳ ಮಕ್ಕಳು ಹಿಂದಿ, ಇಂಗ್ಲಿಷಿನ ಜೊತೆಗೆ ಇನ್ನೊಂದು ಭಾರತೀಯ ಭಾಷೆಯನ್ನು, ಆದಷ್ಟೂ ದಕ್ಷಿಣದ ಭಾಷೆಯೊಂದನ್ನು ಕಲಿಯಲಿ ಎಂದಿತು. ಸರಿ, ಆದರೆ ಕಾನ್ಪುರದಲ್ಲಿ ಕನ್ನಡ ಕಲಿಸುವ ಮೇಷ್ಟ್ರು ಎಲ್ಲಿಂದ ಬರಬೇಕು?

1969ರ ಜುಲೈ 17ರಂದು ಮೈಸೂರಿನಲ್ಲಿ ಭಾರತೀಯ ಭಾಷಾ ಸಂಸ್ಥಾನ ಶುರುವಾಯಿತು. ಒಡಿಶಾದ ದೇವಿಪ್ರಸನ್ನ ಪಟ್ಟನಾಯಕ್ ಅದರ ಮೊದಲ ನಿರ್ದೇಶಕರು. ಮರುವರ್ಷವೇ ಮೈಸೂರು, ಪುಣೆ, ಭುವನೇಶ್ವರ, ಪಟಿಯಾಲಗಳಲ್ಲಿ ಪ್ರಾದೇಶಿಕ ಕೇಂದ್ರಗಳು ತೆರೆದವು. ಕನ್ನಡ, ತಮಿಳು, ತೆಲುಗು, ಮಲಯಾಳಗಳ ಪಾಲು ಮೈಸೂರಿಗೆ. ಕೆಲಸದಲ್ಲಿರುವ ಶಿಕ್ಷಕರನ್ನೇ ರಾಜ್ಯಗಳು ಹತ್ತು ತಿಂಗಳ ಮಟ್ಟಿಗೆ ಕಳಿಸಿಕೊಡಬೇಕು, ಅವರು ಹೊಸ ಭಾಷೆಯೊಂದನ್ನು ಮೊದಲಿನಿಂದ ಕಲಿತು ಊರಿಗೆ ಮರಳಿ ಕಲಿಸಬೇಕು. ಏರ್ಪಾಡು ಇದ್ದದ್ದು ಹೀಗೆ.

ನನಗೆ ಇಷ್ಟವಾದದ್ದು ಇದರೊಳಗಿನ ಒಂದು ಸಂಗತಿ. ಬಂದವರು ಆಗಲೇ ಹತ್ತಾರು ವರ್ಷ ಪಾಠ ಹೇಳಿ ನುರಿತವರಿರಬಹುದು, ಇಲ್ಲಿ ಮಾತ್ರ ಸ್ಲೇಟು ಹಿಡಿದ ಮಗುವಿನ ಸ್ಥಿತಿ. ಹಿಂದಿಯಲ್ಲಿ ಏ, ಓ ಎಂಬ ದೀರ್ಘ ಅಕ್ಷರಗಳಿಗೆ ಹ್ರಸ್ವದ ಜೋಡಿ ಇಲ್ಲ. ಹಾಗಾಗಿ ಅವರ ಕಿವಿಗೆ ಒಲೆಯೂ ಓಲೆಯೂ ಒಂದೇ. ನಮಗೆ ಹುಟ್ಟಿನಿಂದ ಬಂದ ಈ ವ್ಯತ್ಯಾಸವನ್ನು ಅವರು ಹೇಳಿ ಹೇಳಿ, ಕೇಳಿ ಕೇಳಿ ರೂಢಿಸಿಕೊಳ್ಳಬೇಕು. ಇಂಥ ಕಲಿಕೆಗೆ ಸಿದ್ಧ ಪುಸ್ತಕಗಳೂ ಇರಲಿಲ್ಲ, ಸಂಸ್ಥಾನವೇ ಮಾಡಿಸಬೇಕಾಯಿತು. ಮುಂದೆ ತುಳು ನಿಘಂಟಿನಿಂದ ಮನೆಮಾತಾದ ಯು. ಪಿ. ಉಪಾಧ್ಯಾಯರು ಕನ್ನಡದ ಧ್ವನಿಗಳ ಬಗ್ಗೆ ಬರೆದ ಪಠ್ಯ 1972ರಲ್ಲಿ ಅಲ್ಲಿಂದಲೇ ಹೊರಬಂತು. ಕಲಿಯುವ ಭಾಷೆಯ ನಾಡಿಗೆ ಪ್ರವಾಸವೂ ತರಬೇತಿಯ ಭಾಗವಾಗಿತ್ತು.

ಪ್ರವಾಸ ಯಾಕೆ ಬೇಕು ಅನ್ನುವಿರಾ? ‘ಮಾವ’ ಎಂಬ ಒಂದು ಪದ ಸಾಕು. ಹಿಂದಿಯಲ್ಲಿ ಅಮ್ಮನ ತಮ್ಮ ಮಾಮಾ, ಗಂಡನ ಅಪ್ಪ ಸಸುರ್, ಬೇರೆ ಬೇರೆ. ನಮ್ಮಲ್ಲಿ ಇಬ್ಬರೂ ಮಾವಂದಿರೇ. ಅಪ್ಪನ ಅಕ್ಕನೂ ಗಂಡನ ಅಮ್ಮನೂ ಅತ್ತೆಯೇ. ಸೋದರ ಸಂಬಂಧದ ಮದುವೆ ಸಹಜವಾಗಿರುವ ನಾಡಿನ ಮಾತು ಇದು. ಉತ್ತರ ಪ್ರದೇಶದ ಶಿಕ್ಷಕರೊಬ್ಬರಿಗೆ ಸೋದರಮಾವನ ಮಗಳು ತಂಗಿಯ ಸಮಾನ. ನಿಘಂಟು ಅರ್ಥ ಕೊಟ್ಟೀತು, ಆ ಇರುಸುಮುರುಸನ್ನು ಕಳೆಯಲಾರದು. ನಮ್ಮ ಮನೆಗಳಲ್ಲಿ ಕೂತು, ಒಂದೆರಡು ಮದುವೆ ಊಟ ಉಂಡವರಿಗೆ ಮಾತ್ರ ಅದನ್ನು ನಗು ಬಾರದ ಹಾಗೆ, ಹೇಸಿಗೆಯಿಲ್ಲದೆ ಮಕ್ಕಳಿಗೆ ಹೇಳಲು ಬಂದೀತು.

ಕಲಿತವರ ಮುಂದಿನ ದಾರಿ ಅಷ್ಟು ಸುಗಮವಾಗಿರಲಿಲ್ಲ. ಹಿಂದಿ ರಾಜ್ಯಗಳ ಎಷ್ಟೋ ಶಾಲೆಗಳು ಮೂರನೆಯ ಭಾಷೆಯ ಜಾಗದಲ್ಲಿ ಸಂಸ್ಕೃತವನ್ನು ಕೂರಿಸಿದವು. ದಕ್ಷಿಣದ ಭಾಷೆಗೆ ತರಗತಿಯೇ ಇಲ್ಲದ ಮೇಲೆ ಅದನ್ನು ಕಲಿತು ಬಂದ ಶಿಕ್ಷಕರು ಏನು ಮಾಡಬೇಕು? ಸೋತದ್ದು ತರಬೇತಿಯಲ್ಲ, ಅದನ್ನು ಬಳಸಿಕೊಳ್ಳದ ಆಡಳಿತ ಎಂದೇ ನನ್ನ ಅನಿಸಿಕೆ. ಹಾಗೆಂದು ನಾವು ಬೀಗುವಂತಿಲ್ಲ. ನಮ್ಮ ಸಂಘಗಳ ಕನ್ನಡ ತರಗತಿಗಳಲ್ಲಿ ಕಲಿಸುವವರು ಬಹುಪಾಲು ನಮ್ಮಂಥ ತಾಯಂದಿರು. ಕನ್ನಡ ಮಾತಾಡಲು ಬಂದರೆ ಕಲಿಸಲೂ ಬಂದಂತೆ ಎಂದು ನಂಬಿದವರು. ಎಂಟೆಕ್ ಮಾಡಿದ್ದೇನೆ, ಅಆಇಈ ಏನು ಮಹಾ ಎಂಬ ಜಂಬ ನನಗೂ ಇತ್ತು.

ಮೊದಲ ತಿಂಗಳೇ ಒಬ್ಬ ಹುಡುಗ ‘ಅಜ್ಜಿ ಓಲೆ ಹಚ್ಚಿದರು’ ಎಂದು ಬರೆದ. ಮೂರು ಸಲ ಕೆಂಪು ಗೆರೆ ಎಳೆದೆ. ಅವನ ಶಾಲೆಯ ಮರಾಠಿಯಲ್ಲೂ ಒಂದೇ ‘ಓ’ ಇದೆ ಎಂಬುದು ನನಗೆ ಹೊಳೆಯಲೇ ಇಲ್ಲ. ಮೈಸೂರಿನ ಆ ಪಾಠಕ್ರಮದ ಬಗ್ಗೆ ಓದಿದ ಮೇಲೆ ಗೆರೆ ಎಳೆಯುವುದನ್ನು ಬಿಟ್ಟು, ಕಣ್ಣು ಮುಚ್ಚಿ ಕೇಳಿ ಬೇರ್ಪಡಿಸುವ ಆಟ ಆಡಿಸಿದೆ. ನಾಲ್ಕು ವಾರ ಹಿಡಿಯಿತು.

ಈಗ ಹಿಂದಿನ ಬೆಂಚಿನಲ್ಲಿ ಕನ್ನಡದ ಮನೆಗೆ ಬಂದ ಮರಾಠಿ ಸೊಸೆಯೊಬ್ಬರು ಮಗಳ ಪಕ್ಕ ಕೂತು ಕಲಿಯುತ್ತಿದ್ದಾರೆ. ಅತ್ತೆ, ಮಾವ ಪದಗಳ ದಿನ ನಾನು ಬಹಳ ತಯಾರಿ ಮಾಡಿಕೊಂಡು, ‘ನಿಮಗೆ ಇದು ವಿಚಿತ್ರ ಅನ್ನಿಸಬಹುದು’ ಎಂದು ಶುರುಮಾಡಿದೆ. ಅವರು ನಕ್ಕುಬಿಟ್ಟರು. ‘ಇಲ್ಲ ತಾಯಿ, ನಮ್ಮ ಅಜ್ಜಿಯೂ ಅವರ ಅತ್ತೆಯನ್ನು ಆತ್ಯಾಬಾಯಿ ಅಂತಲೇ ಕರೆಯುತ್ತಿದ್ದರು, ಮಾವನನ್ನು ಮಾಮಂಜಿ!’

ಆ ದಿನದ ಪಾಠವನ್ನು ಅವರೇ ಮುಂದುವರಿಸಿದರು.