ಸಂದ್ರಗಳ ಊರಿನಲ್ಲಿ ನೀರಿನ ಲೆಕ್ಕ



ನಗರವನ್ನು ‘ಸ್ಮಾರ್ಟ್’ ಮಾಡುವ ಮಾತು ಇಂದು ಎಲ್ಲೆಡೆ ಕೇಳಿಬರುತ್ತಿದೆ. ಸೆನ್ಸರ್‌ಗಳು ನೀರನ್ನು ಅಳೆಯುತ್ತವೆ, ಗಣಕಯಂತ್ರಗಳು ಸೋರಿಕೆಯನ್ನು ಪತ್ತೆಹಚ್ಚುತ್ತವೆ, ಆದುದರಿಂದ ನಮ್ಮ ಬೆಂಗಳೂರು ಉಳಿಯುತ್ತದೆ ಎಂಬ ಭರವಸೆ ಅದರಲ್ಲಿದೆ. ನಾನು ತಂತ್ರಜ್ಞನಲ್ಲ, ಇತಿಹಾಸದ ಮೇಷ್ಟ್ರು. ಆದುದರಿಂದ ನನಗೆ ಏಳುವ ಪ್ರಶ್ನೆ ಬೇರೆ. ಹಿಂದೆಯೂ ಈ ಊರಿಗೆ ಆಯಾ ಕಾಲದ ಹೊಸ ತಂತ್ರಜ್ಞಾನಗಳು ಬಂದಿವೆಯಲ್ಲವೆ? ಅವು ನಮಗೆ ಏನು ಕೊಟ್ಟವು, ನಾವು ಏನನ್ನು ಬಿಟ್ಟೆವು?

ಮೊದಲು ನಮ್ಮ ಬಡಾವಣೆಗಳ ಹೆಸರುಗಳನ್ನೇ ನೋಡೋಣ. ಬಿಟಿಎಂ ಬಡಾವಣೆಯ ಮೂರು ಅಕ್ಷರಗಳು ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳನ್ನು ಸೂಚಿಸುತ್ತವೆ. ‘ಸಂದ್ರ’ ಎಂಬುದು ‘ಸಮುದ್ರ’ದ ಆಡುರೂಪ. ಕೆರೆಯನ್ನು ಸಮುದ್ರವೆಂದು ಕರೆಯುವುದು ನಮ್ಮ ಹಿರಿಯರ ವಾಡಿಕೆಯಾಗಿತ್ತು. ಆ ಹೆಸರಿನಲ್ಲಿ ಬರಿಯ ಅಲಂಕಾರವಿಲ್ಲ, ಅಗತ್ಯವೂ ಇದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ದಿಣ್ಣೆಯ ಮೇಲಿರುವ ಈ ಊರಿಗೆ ದೊಡ್ಡ ನದಿಯಿಲ್ಲ. ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೆ ಹರಿದರೆ, ಪೂರ್ವಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಹರಿದುಹೋಗುವ ನೀರನ್ನು ತಡೆದು ನಿಲ್ಲಿಸದಿದ್ದರೆ ಇಲ್ಲಿ ಬದುಕೇ ಇರುತ್ತಿರಲಿಲ್ಲ.

ಆದ್ದರಿಂದಲೇ ಸರಪಣಿಯಂತೆ ಕೆರೆಗಳು ಹುಟ್ಟಿದವು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆಯಲ್ಲಿ ಕೆಳಗಿನ ಕೆರೆಗೆ ಇಳಿಯುತ್ತಿತ್ತು. ಏರಿ, ತೂಬು, ಕೋಡಿ, ಕಾಲುವೆ, ಇವೇ ಅಂದಿನ ತಂತ್ರಜ್ಞಾನ. ಅದನ್ನು ನಡೆಸುವವನು ನೀರುಗಂಟಿ. ಕೆರೆಯಲ್ಲಿ ಎಷ್ಟು ನೀರಿದೆ, ಯಾರ ಗದ್ದೆಗೆ ಎಷ್ಟು ಬಿಡಬೇಕು ಎಂಬ ಲೆಕ್ಕ ಅವನದು. ಲೆಕ್ಕ ತಪ್ಪಿದರೆ ಊರಿಗೆ ಉತ್ತರ ಹೇಳಬೇಕಾದವನೂ ಅವನೇ. ಅಳೆಯುವವನೂ ಹೊಣೆಗಾರನೂ ಒಬ್ಬನೇ ಆಗಿದ್ದನೆಂಬುದನ್ನು ದಯವಿಟ್ಟು ನೆನಪಿನಲ್ಲಿಡಿ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಊರು ಬೆಳೆಯಿತು, ಕೆರೆಗಳು ಮಲಿನವಾದವು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1896ರಲ್ಲಿ, ಅರ್ಕಾವತಿಯ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂದಿತು. ಸೋಲದೇವನಹಳ್ಳಿಯಲ್ಲಿ ಅದನ್ನು ಮೇಲೆತ್ತಲು ಉಗಿಯಂತ್ರಗಳನ್ನು ಬಳಸಿದರು. ಆ ಕಾಲಕ್ಕೆ ಅದು ಬೆರಗಿನ ಸಂಗತಿಯೇ ಸರಿ. ಆದರೆ ಮೂವತ್ತು ವರ್ಷ ತುಂಬುವ ಮೊದಲೇ, 1925ರಲ್ಲಿ, ಹೆಸರಘಟ್ಟ ಬತ್ತಿತು. ಸರ್ ಎಂ. ವಿಶ್ವೇಶ್ವರಯ್ಯನವರ ಸಮಿತಿಯ ಸಲಹೆಯಂತೆ 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಸಿದ್ಧವಾಯಿತು. ಅದೂ ಸಾಲದಾದಾಗ 1974ರಲ್ಲಿ ಕಾವೇರಿಯೇ ಬಂದಳು.

ಇದೇ ಕಾಲಾವಧಿಯಲ್ಲಿ ನಮ್ಮ ದಕ್ಷಿಣ ಭಾಗ ರೂಪುಗೊಂಡಿತು. 1948ರಲ್ಲಿ ಜಯನಗರಕ್ಕೆ ಅಡಿಪಾಯ ಬಿದ್ದಿತು. ಅಂದಿನ ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರು ಬಂದುಹೋದ ನೆನಪನ್ನು ಅಶೋಕ ಸ್ತಂಭ ಇಂದಿಗೂ ಹೇಳುತ್ತದೆ. ಬಳಿಕ ಬನಶಂಕರಿ, ಜೆ.ಪಿ. ನಗರ, ಬಿಟಿಎಂ ಬಡಾವಣೆಗಳು ಬೆಳೆದವು. ನಲ್ಲಿಯಲ್ಲಿ ಕಾವೇರಿ ಬಂದ ಮೇಲೆ ಹಿತ್ತಿಲ ಬಾವಿ ಯಾರಿಗೆ ಬೇಕು? ಬಾವಿಗಳು ಮುಚ್ಚಿದವು. ಊರಿನ ನಡುವೆ ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ದೂರದ ನೀರು ಬಂದಂತೆಲ್ಲ ಹತ್ತಿರದ ನೀರನ್ನು ನಾವು ಮರೆತೆವು. ಯಂತ್ರಗಳು ಕೆಟ್ಟದ್ದೇನನ್ನೂ ಮಾಡಲಿಲ್ಲ. ಅವು ಇವೆಯೆಂಬ ಧೈರ್ಯದಲ್ಲಿ ನಾವು ಲೆಕ್ಕವಿಡುವುದನ್ನು ನಿಲ್ಲಿಸಿದೆವು.

ಈ ಮರೆವಿನ ಬೆಲೆ ಸಣ್ಣದಲ್ಲ. ಕಾವೇರಿಯ ನೀರು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮೂರು ಹಂತಗಳಲ್ಲಿ ಪಂಪ್ ಆಗಿ, ಸುಮಾರು 100 ಕಿಲೋಮೀಟರ್ ದೂರ ಕ್ರಮಿಸಿ, ಸುಮಾರು 500 ಮೀಟರ್ ಮೇಲೇರಿ ನಮ್ಮ ಸಂಪಿಗೆ ಬರುತ್ತದೆ. ಜಲಮಂಡಳಿಯ ಖರ್ಚಿನಲ್ಲಿ ವಿದ್ಯುತ್ತಿನದೇ ದೊಡ್ಡ ಪಾಲು. 2024ರ ಅಕ್ಟೋಬರಿನಲ್ಲಿ ಐದನೆಯ ಹಂತವೂ ಸೇರಿ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ತರುವ ವ್ಯವಸ್ಥೆಯಾಯಿತು. ಅದೇ ವರ್ಷದ ಮಾರ್ಚಿಯಲ್ಲಿ ಏನಾಯಿತೆಂಬುದನ್ನು ಮರೆಯುವಂತಿಲ್ಲ. ನಗರದ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿದವೆಂದು ಸರ್ಕಾರವೇ ಹೇಳಿತು. ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ, ಕೈತೋಟಕ್ಕೆ ಹಾಯಿಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶಿಸಿತು. ನಲ್ಲಿಯ ಬಾಯಿಗೆ ಸಿಕ್ಕಿಸಿ ನೀರಿನ ವೇಗವನ್ನು ತಗ್ಗಿಸುವ ಏರಿಯೇಟರ್ ಎಂಬ ಸಣ್ಣ ಸಾಧನದ ಹೆಸರು ನಮ್ಮಲ್ಲಿ ಅನೇಕರ ಕಿವಿಗೆ ಬಿದ್ದದ್ದು ಆಗಲೇ.

ಹಾಗಾದರೆ ಹೊಸ ತಂತ್ರಜ್ಞಾನದಿಂದ ಪ್ರಯೋಜನವಿಲ್ಲವೆ? ಖಂಡಿತ ಇದೆ. ಹದಿನೈದು ವರ್ಷಗಳ ಹಿಂದೆ ಕೊಳವೆಗೆ ಬಿಟ್ಟ ನೀರಿನಲ್ಲಿ ಶೇಕಡ 40ಕ್ಕಿಂತ ಹೆಚ್ಚು ಭಾಗ ಲೆಕ್ಕಕ್ಕೆ ಸಿಗದೆ ಹೋಗುತ್ತಿತ್ತು. ಆಗ ದಕ್ಷಿಣ ವಿಭಾಗವೂ ಸೇರಿದಂತೆ ನಗರದ ಹಳೆಯ ಭಾಗಗಳನ್ನು ಸಣ್ಣ ಸಣ್ಣ ವಲಯಗಳಾಗಿ ವಿಂಗಡಿಸಿ, ಪ್ರತಿ ವಲಯದ ಬಾಗಿಲಿನಲ್ಲಿ ಮೀಟರ್ ಇಡುವ ಕೆಲಸ ಆರಂಭವಾಯಿತು. ವಲಯಕ್ಕೆ ಒಳಬಂದ ನೀರಿನಿಂದ ಮನೆಗಳ ಮೀಟರುಗಳ ಒಟ್ಟು ಮೊತ್ತವನ್ನು ಕಳೆದರೆ ಉಳಿಯುವುದೇ ಸೋರಿಕೆ ಮತ್ತು ಕಳವು. ಐದನೆಯ ತರಗತಿಯ ವ್ಯವಕಲನವಷ್ಟೆ! ಆದರೆ ಭೂಮಿಯೊಳಗಿನ ಸೋರಿಕೆಯನ್ನು ಹುಡುಕಲು ಅದೇ ದಾರಿ. ನೀರುಗಂಟಿಯ ಕಣ್ಣನ್ನು ಯಂತ್ರಕ್ಕೆ ಕೊಟ್ಟಂತಾಯಿತು. ಆದರೆ ಅವನ ಹೊಣೆಗಾರಿಕೆಯನ್ನು ಯಾರಿಗೆ ಕೊಟ್ಟೆವು?

ಇದಕ್ಕೆ ಮಳೆನೀರು ಸಂಗ್ರಹದ ಕಾನೂನು ಒಳ್ಳೆಯ ಉದಾಹರಣೆ. 2009ರಲ್ಲಿ ಬಂದ ತಿದ್ದುಪಡಿಯಂತೆ 40x60 ಅಡಿ ಅಥವಾ ಅದಕ್ಕಿಂತ ದೊಡ್ಡ ನಿವೇಶನದ ಹಳೆಯ ಮನೆಗಳಿಗೂ, 30x40 ಅಡಿಯ ಹೊಸ ಮನೆಗಳಿಗೂ ಅದು ಕಡ್ಡಾಯವಾಯಿತು. ಜಯನಗರದ 5ನೇ ಬ್ಲಾಕಿನಲ್ಲಿ ಜಲಮಂಡಳಿಯು ಮಳೆನೀರು ಸಂಗ್ರಹದ ಮಾದರಿಗಳನ್ನು ತೋರಿಸುವ ಉದ್ಯಾನವನ್ನೇ ನಿರ್ಮಿಸಿ, ಅದಕ್ಕೆ ವಿಶ್ವೇಶ್ವರಯ್ಯನವರ ಹೆಸರಿಟ್ಟಿತು. ದೂರದ ನೀರನ್ನು ತರಲು ಸಲಹೆಯಿತ್ತವರ ಹೆಸರಿನಲ್ಲಿ ಹತ್ತಿರದ ನೀರಿನ ಪಾಠಶಾಲೆ! ಹೋಗಿ ನೋಡದವರು ಒಮ್ಮೆ ಮಕ್ಕಳೊಂದಿಗೆ ಹೋಗಿಬನ್ನಿ.

ಅಲ್ಲಿಯ ಪಾಠವನ್ನು ಒಂದು ಲೆಕ್ಕದಲ್ಲಿ ಹೇಳಿಬಿಡುತ್ತೇನೆ. ಬೆಂಗಳೂರಿನ ವಾರ್ಷಿಕ ಮಳೆ ಸರಾಸರಿ 970 ಮಿಲಿಮೀಟರ್. ನಿಮ್ಮ ತಾರಸಿ 100 ಚದರ ಮೀಟರ್ ಇದ್ದರೆ ಅದರ ಮೇಲೆ 97,000 ಲೀಟರ್ ಬೀಳುತ್ತದೆ. ಐದರಲ್ಲೊಂದು ಪಾಲು ವ್ಯರ್ಥವಾಯಿತೆಂದರೂ ಸುಮಾರು 77,000 ಲೀಟರ್ ಉಳಿಯಿತು. ತಲೆಗೆ ದಿನಕ್ಕೆ 135 ಲೀಟರ್‌ನಂತೆ ನಾಲ್ವರ ಸಂಸಾರಕ್ಕೆ ಇದು 140 ದಿನಗಳ ನೀರು. ಅಷ್ಟನ್ನೂ ಸಂಪಿನಲ್ಲಿ ಹಿಡಿದಿಡಲಾಗದು, ನಿಜ. ಉಳಿದುದನ್ನು ಇಂಗುಬಾವಿಗೆ ಬಿಟ್ಟರೆ ನೆಲದೊಳಗೆ ಸೇರುತ್ತದೆ. ಆದರೂ ಅನೇಕ ಮನೆಗಳವರು ನೀರಿನ ಬಿಲ್ಲಿನೊಂದಿಗೆ ದಂಡವನ್ನು ಕಟ್ಟುತ್ತಾರೆಯೇ ಹೊರತು ಕೊಳವೆ ಜೋಡಿಸುವುದಿಲ್ಲ. ಜೋಡಿಸಿದವರಲ್ಲಿಯೂ ಫಿಲ್ಟರ್ ತೊಳೆಯುವವರು ವಿರಳ. ಹನಿಗೂಡಿದರೆ ಹಳ್ಳವೆಂಬ ಗಾದೆಯನ್ನು ಬಾಯಿಪಾಠ ಮಾಡಿದವರು ನಾವೇ.

ಹೊಣೆ ಹೊತ್ತವರೂ ನಮ್ಮ ನಡುವೆಯೇ ಇದ್ದಾರೆ. ಜೆ.ಪಿ. ನಗರದ 7ನೇ ಹಂತದ ಪುಟ್ಟೇನಹಳ್ಳಿ ಕೆರೆಯನ್ನು ಉಳಿಸಲು ಸುತ್ತಲಿನ ನಿವಾಸಿಗಳು 2010ರಲ್ಲಿ ಟ್ರಸ್ಟ್ ರಚಿಸಿಕೊಂಡರು. ಪಕ್ಕದ ವಸತಿ ಸಮುಚ್ಚಯದ ಬಳಸಿದ ನೀರನ್ನು ಶುದ್ಧೀಕರಿಸಿ ಕೆರೆಗೆ ಬಿಡುವ ಏರ್ಪಾಡೂ ಆಯಿತು. ದೊಡ್ಡ ಪ್ರಮಾಣದಲ್ಲಿ ನೋಡುವುದಾದರೆ, 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು ಬರಪೀಡಿತ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಆ ನೀರಿನ ಶುದ್ಧತೆ ಸಾಲದೆಂಬ ಆಕ್ಷೇಪಣೆಗಳೂ ಇವೆ. ಹಾಗಿರುವಾಗ ನಮ್ಮ ಬಚ್ಚಲಿಗೆ ನಾವು ಏನನ್ನು ಸುರಿಯುತ್ತೇವೆಂಬುದು ಇನ್ನು ನಮ್ಮ ಮನೆಯ ವಿಚಾರವಾಗಿ ಉಳಿದಿಲ್ಲ.

ಇತಿಹಾಸವು ನನಗೆ ಕಲಿಸಿದ್ದು ಇಷ್ಟು. ಯಂತ್ರವು ನೀರನ್ನು ಅಳೆದೀತು, ಎತ್ತೀತು, ಸೋರುವ ಜಾಗವನ್ನು ತೋರಿಸೀತು. ಅದು ತೋರಿಸಿದ ಮೇಲೆ ಎದ್ದುಹೋಗಿ ಸರಿಪಡಿಸುವ ಮನುಷ್ಯನಿಲ್ಲದಿದ್ದರೆ ಎಂತಹ ಜಾಣ ಯಂತ್ರವೂ ಹೆಸರಘಟ್ಟದ ಹಾದಿಯನ್ನೇ ಹಿಡಿಯುತ್ತದೆ. ನಿಮ್ಮಲ್ಲಿ ಕೆಲವರು ಎಂಜಿನಿಯರುಗಳು, ಕೆಲವರು ಅಪಾರ್ಟ್‌ಮೆಂಟ್ ಸಂಘಗಳ ಪದಾಧಿಕಾರಿಗಳು, ಉಳಿದವರು ಮನೆ ನಡೆಸುವವರು. ಈ ಸಲ ಮುಂಗಾರು ಇಳಿಯುವ ಮೊದಲು ಒಂದು ಭಾನುವಾರ ತಾರಸಿಗೆ ಹತ್ತಿ, ಮಳೆನೀರಿನ ಕೊಳವೆ ಎಲ್ಲಿಗೆ ಹೋಗುತ್ತದೆಂದು ನೋಡಿರಿ. ಅದು ಮೋರಿಗೆ ಹೋಗುತ್ತಿದ್ದರೆ ದಾರಿ ಬದಲಿಸಿರಿ. ಆಮೇಲೆ ನನಗೊಂದು ಸಾಲು ಬರೆಯಿರಿ. ಹಳೆಯ ಮೇಷ್ಟ್ರಿಗೆ ಹಾಜರಿ ಹಾಕುವ ಅಭ್ಯಾಸ ಇನ್ನೂ ಹೋಗಿಲ್ಲ.